ಸಮಾಜ ಬದಲಾಗೋದನ್ನ ಹಿಡಿಯೋದು ಫೋಟೊನೋ ಕಾದಂಬರಿನೋ?

ಸಂಜೆಓದು:
ಒಂದು ವಾದ ಮುಂದಿಡ್ತೀನಿ, ಬೈಯೋರು ಧಾರಾಳವಾಗಿ ಬೈಯಿರಿ. ಸಮಾಜ ಬದಲಾಗೋದನ್ನ ಫೋಟೊ ತೋರಿಸೋಕೆ ಆಗಲ್ಲ. ಬದಲಾಗೋ ಮುಂಚೆ ಹೇಗಿತ್ತು ಅಂತ ತೋರಿಸುತ್ತೆ, ಇಲ್ಲಾ ಬದಲಾದ ಮೇಲೆ ಏನು ಉಳೀತು ಅಂತ ತೋರಿಸುತ್ತೆ. ನಡುವೆ ಆಗಿದ್ದು ಪೂರ್ತಿ ಕಾದಂಬರಿಯ ಪಾಲು.

ಎಲ್ಲರೂ ಕೇಳಿರೋ ಜೋಡೀನೇ ತಗೊಳ್ಳೋಣ. 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಹತ್ರ, ಬಟಾಣಿ ಕೀಳೋ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ‘ಮೈಗ್ರಂಟ್ ಮದರ್’ ಒಂದು ಕಡೆ. 1939ರಲ್ಲಿ ಬಂದ ಜಾನ್ ಸ್ಟೈನ್‌ಬೆಕ್‌ನ ‘ದಿ ಗ್ರೇಪ್ಸ್ ಆಫ್ ರಾತ್’ ಇನ್ನೊಂದು ಕಡೆ. 1930ರ ದಶಕದ ಅಮೆರಿಕ, ಮಹಾ ಆರ್ಥಿಕ ಕುಸಿತದ ಕಾಲ, ನೆಲೆ ತಪ್ಪಿ ಹೊಟ್ಟೆಪಾಡಿಗೆ ಅಲೆಯೋ ಜನ, ಎರಡರಲ್ಲೂ ಅದೇ. ಫೋಟೊದಲ್ಲಿ ಕಾಣೋದೇನು? ಗಲ್ಲಕ್ಕೆ ಕೈ ಕೊಟ್ಟ ಒಬ್ಬ ತಾಯಿ, ಮುಖ ಆಚೆ ತಿರುಗಿಸಿರೋ ಇಬ್ಬರು ಮಕ್ಕಳು, ಮಡಿಲಲ್ಲೊಂದು ಕೂಸು. ಕಷ್ಟ ಇದೆ, ಸರಿ. ಯಾರಿಂದ ಬಂತು? ನಿನ್ನೆ ಇವರು ಏನಾಗಿದ್ದರು? ಚಿತ್ರ ಬಾಯಿ ಬಿಡಲ್ಲ.

ಕಾದಂಬರೀಲಿ ಹಾಗಲ್ಲ. ಒಕ್ಕಲು ಎಬ್ಬಿಸೋಕೆ ಟ್ರ್ಯಾಕ್ಟರ್ ಬರುತ್ತೆ. ಓಡಿಸೋನು ನೋಡಿದ್ರೆ ಪಕ್ಕದ ಮನೆ ಹುಡುಗ, ದಿನಕ್ಕೆ ಮೂರು ಡಾಲರ್ ಕೂಲಿಗೆ ಬಂದಿದಾನೆ. ಗೇಣಿದಾರ ಕೋವೀಲಿ ನಿನ್ನ ಸುಡ್ತೀನಿ ಅಂತಾನೆ. ನನ್ನ ಸುಟ್ಟರೆ ಇನ್ನೊಬ್ಬ ಬರ್ತಾನೆ ಅಂತಾನೆ ಹುಡುಗ. ಬ್ಯಾಂಕಿನವನನ್ನ ಸುಡ್ತೀನಿ ಅಂದ್ರೆ, ಬ್ಯಾಂಕಿಗೆ ಅಪ್ಪಣೆ ಪೂರ್ವದಿಂದ ಬರುತ್ತಂತೆ. ಕೊನೆಗೆ ಕೋವಿ ಯಾರ ಕಡೆ ಹಿಡೀಬೇಕು ಅಂತಾನೇ ತಿಳಿಯಲ್ಲ. ಇದನ್ನ ಯಾವ ಕ್ಯಾಮೆರಾ ಹಿಡಿಯುತ್ತೆ ಹೇಳಿ.

ಮೂರನೇಬೆಂಚು:
ಒಪ್ಪಿದೆ. ಇನ್ನು ಈ ಚರ್ಚೆಗೆ ಬೀಗ ಹಾಕಿ, ಎಲ್ರೂ ಮನೆಗೆ ಹೋಗಿ.

ಕತ್ತಲೆಕೋಣೆ:
ಬೀಗ ಆಮೇಲೆ ಹಾಕೋರಂತೆ, ಸ್ವಲ್ಪ ತಡೀರಿ. ಯಾವ ಕ್ಯಾಮೆರಾ ಅಂತ ಕೇಳಿದ್ರಲ್ಲ ಸಂಜೆಓದು, ಅದೇ ಲ್ಯಾಂಗ್‌ದೇ ಕ್ಯಾಮೆರಾ. 1938ರಲ್ಲಿ ಟೆಕ್ಸಸ್‌ನ ಚಿಲ್ಡ್ರೆಸ್ ಕೌಂಟಿಯಲ್ಲಿ ತೆಗೆದ ‘ಟ್ರ್ಯಾಕ್ಟರ್ಡ್ ಔಟ್’, ಅಂದ್ರೆ ಟ್ರ್ಯಾಕ್ಟರ್ ಬಂದು ಒಕ್ಕಲು ಎಬ್ಬಿಸ್ತು ಅಂತ, ನೋಡಿದೀರಾ? ಅದರಲ್ಲಿ ಒಂದು ನರಪಿಳ್ಳೆಯೂ ಇಲ್ಲ. ದೂರದಲ್ಲಿ ಖಾಲಿ ಮರದ ಮನೆ, ಅಷ್ಟೆ. ಮಿಕ್ಕಿದ್ದೆಲ್ಲ ಉಳುಮೆಯ ಸಾಲು. ನಿಮ್ಮ ಕಾಲ ಬುಡದಿಂದ ಹೊರಟ ಸಾಲುಗಳು ಬಳುಕ್ತಾ ಹೋಗಿ ಮನೆ ಗೋಡೆ ಹತ್ರಾನೇ ನಿಲ್ತಾವೆ. ಅಂಗಳ ಇಲ್ಲ, ಕಾಲುದಾರಿ ಇಲ್ಲ, ಬೇಲಿ ಇಲ್ಲ. ಬಾಗಿಲು ತೆಗೆದು ಕಾಲಿಟ್ಟರೆ ಉತ್ತ ಮಣ್ಣು.

ಇದು ‘ಬದಲಾದ ಮೇಲೆ ಉಳಿದದ್ದು’ ಮಾತ್ರಾನಾ? ಯಂತ್ರ ಹೇಗೆ ನುಗ್ತು, ಎಲ್ಲಿವರೆಗೆ ನುಗ್ತು, ನುಗ್ಗುವಾಗ ಯಾರನ್ನ ಲೆಕ್ಕಕ್ಕೆ ಇಡಲಿಲ್ಲ, ಎಲ್ಲಾ ಆ ಸಾಲಿನಲ್ಲೇ ಇದೆ. ಸ್ಟೈನ್‌ಬೆಕ್ ಅದಕ್ಕೆ ಒಂದು ಅಧ್ಯಾಯ ಬರೀಬೇಕಾಯ್ತು. ‘ಮೈಗ್ರಂಟ್ ಮದರ್’ ಒಂದನ್ನೇ ಎತ್ತಿಕೊಂಡು ಇಡೀ ಮಾಧ್ಯಮಕ್ಕೇ ತೀರ್ಪು ಕೊಡೋದು ಅನ್ಯಾಯ.

ತರ್ಲೆ:
ಶೀರ್ಷಿಕೆ ಮುಚ್ಚಿ ನೋಡಿ ಸ್ವಾಮಿ. ಯಾರೋ ಮನೆ ಬಿಟ್ಟು ಹೋಗಿದಾರೆ, ಯಾರೋ ಚೆನ್ನಾಗಿ ಉತ್ತಿದಾರೆ. ಅಷ್ಟೇ ಕಾಣೋದು.

ಸಂಜೆಓದು:
ತರ್ಲೆ ನನ್ನ ಬಾಯಿಂದ ಮಾತು ಕಿತ್ಕೊಂಡ್ರು. ಕತ್ತಲೆಕೋಣೆ ಅವರೇ, ಆ ಚಿತ್ರ ಈಗಷ್ಟೇ ಹುಡುಕಿ ನೋಡ್ದೆ, ನಿಜಕ್ಕೂ ಮೈ ಜುಂ ಅಂತು. ಆದ್ರೆ ಜುಂ ಅನ್ನಿಸಿದ್ದು ಯಾವುದು? ‘ಟ್ರ್ಯಾಕ್ಟರ್’ ಅನ್ನೋ ಪದ ತಾನೆ? ಅದು ಬಂದಿದ್ದು ಕೆಳಗಿನ ಬರಹದಿಂದ. ಕಥೆ ಹೇಳಿದ್ದು ಅಕ್ಷರ, ಹೆಸರು ಬಂದಿದ್ದು ಚಿತ್ರಕ್ಕೆ.

ಕತ್ತಲೆಕೋಣೆ:
ಸರಿ, ಹಾಗಾದ್ರೆ ಕಾದಂಬರಿಗೂ ಅದೇ ಕಾನೂನು ಹಾಕಿ. ಮುನ್ನುಡಿ ಬೇಡ, ಹಿಂಪುಟ ಬೇಡ, ಮಹಾ ಕುಸಿತ ಅಂತ ಶಾಲೇಲಿ ಓದಿದ್ದೂ ಬೇಡ. ಆಮೇಲೆ ಓದಿ ಹೇಳಿ. ಯಾವ ಕೃತಿಯನ್ನೂ ಯಾರೂ ಬರಿಗೈಲಿ ನೋಡಲ್ಲ. ಮೇಲಾಗಿ ಲ್ಯಾಂಗ್‌ಗೆ ಬರಹ ಆಮೇಲೆ ಅಂಟಿಸೋ ಚೀಟಿ ಆಗಿರಲಿಲ್ಲ. ಜನ ಆಡಿದ ಮಾತನ್ನ ಗುರುತು ಹಾಕ್ಕೊಂಡು ಚಿತ್ರದ ಜೊತೆಗೇ ಇಡ್ತಿದ್ದಳು. ಗಂಡ ಪಾಲ್ ಟೇಲರ್ ಅರ್ಥಶಾಸ್ತ್ರಜ್ಞ. ಇಬ್ಬರೂ ಸೇರಿ 1939ರಲ್ಲೇ ‘ಆನ್ ಅಮೆರಿಕನ್ ಎಕ್ಸೋಡಸ್’ ಅಂತ ಪುಸ್ತಕ ತಂದರು. ಚಿತ್ರ ಬೇರೆ ಮಾತು ಬೇರೆ ಅಂತ ಗೆರೆ ಎಳೀತಿರೋದು ನೀವು, ಆಕೆ ಅಲ್ಲ.

ಬಿರುಬಿಸಿಲು:
ನೋಡ್ರಿ, ನೀವೆಲ್ಲಾ 1930ರಾಗ ಸಿಕ್ಕೊಂಡೀರಿ. ಇನ್ನೂ ನೂರು ವರ್ಷ ಹಿಂದ ಹೋಗ್ರಿ. 1838ರಾಗ, ಫೋಟೊ ತೆಗೆಯೂದು ಕಂಡುಹಿಡದವರಾಗ ಒಬ್ಬಾಂವ ಡಾಗೇರ್, ಪ್ಯಾರಿಸ್‌ನ ಬುಲ್ವಾರ್ ದ್ಯು ಟೆಂಪಲ್ ರಸ್ತೆ ಚಿತ್ರ ತೆಗೆದ. ಭಾಳ ಗದ್ದಲದ ರಸ್ತೆ ಅದು, ಗಾಡಿ ಏನು, ಕುದುರಿ ಏನು, ಮಂದಿ ಏನು. ಚಿತ್ರದಾಗ ನೋಡಿದ್ರ ರಸ್ತೆ ಖಾಲಿ! ಯಾಕಂದ್ರ ಫೋಟೊದ ತಟ್ಟಿ ಮ್ಯಾಲ ಬೆಳಕು ಕೂಡಾಕ ನಿಮಿಷಗಟ್ಟಲೆ ಬೇಕಾಗ್ತಿತ್ತು. ಅಲ್ಲಾಡಿದವರೆಲ್ಲಾ ಅಳಿಸಿ ಹೋದ್ರು. ಉಳಿದಾಂವ ಒಬ್ಬನ, ಮೂಲ್ಯಾಗ ನಿಂತು ಬೂಟಿಗೆ ಪಾಲಿಶ್ ಹಾಕಿಸ್ಕೊಳ್ಳಾಕತ್ತಾಂವ. ಪಾಲಿಶ್ ಹಾಕಾಂವ ಮಸುಕಾಗಿ ಕಾಣ್ತಾನ.

ದುಡಿಯೋ ಮನಿಷ್ಯಾ ಕೈ ಅಲ್ಲಾಡಿಸಿದ, ಮಸುಕಾದ. ದುಡ್ಡು ಕೊಟ್ಟಾಂವ ಸುಮ್ನ ನಿಂತ, ಇತಿಹಾಸದಾಗ ಉಳದ. ಫೋಟೊ ಯಾರನ್ನ ಉಳಸ್ತೈತಿ, ಯಾರನ್ನ ಬಿಡ್ತೈತಿ ಅನ್ನೂದು ಆವತ್ತಿನಿಂದನ ಶುರುವಾಗೇತಿ.

ಮೂರನೇಬೆಂಚು:
ಬಿರುಬಿಸಿಲು ಸರ್, ಕೊನೇ ಎರಡು ಸಾಲಿಗೆ ನಮಸ್ಕಾರ. ಇಷ್ಟು ದಿನ ಈ ಬುದ್ಧಿ ಎಲ್ಲಿಟ್ಟಿದ್ರಿ?

ಬಿರುಬಿಸಿಲು:
ನಿಮ್ಮಂಥವರು ಬೀಗ ಹಾಕ್ತಿದ್ರಲ್ರಿ.

ತೆಂಕಣಗಾಳಿ:
ಕಾದಂಬರಿಯಲ್ಲಿ ಕಾಲ ಹರಿಯುವುದು ಹೌದು ಮಾರಾಯ್ರೇ, ಆದರೆ ಎಲ್ಲಾ ಕಾದಂಬರಿಯಲ್ಲಿ ಒಂದೇ ರೀತಿ ಹರಿಯುವುದಿಲ್ಲ. ‘ಗ್ರೇಪ್ಸ್’ ನಡೆಯುವುದು ಒಂದು ವರ್ಷದ ಒಳಗೆ. ಅದು ಒಡೆತದ ಕಥೆ, ಒಂದೇ ಏಟಿಗೆ ಬದುಕು ತಲೆಕೆಳಗಾಗುವುದು. ನಿಧಾನದ ಬದಲಾವಣೆ ಬೇಕಿದ್ದರೆ ಕಾರಂತರ ‘ಮರಳಿ ಮಣ್ಣಿಗೆ’ಗೆ ಬನ್ನಿ. ಮೂರು ತಲೆಮಾರು. ಅಜ್ಜ ರಾಮ ಐತಾಳರಿಗೆ ಯಾವುದು ಪ್ರಶ್ನೆಯೇ ಅಲ್ಲವೋ ಅದು ಮೊಮ್ಮಗ ರಾಮನಿಗೆ ದೊಡ್ಡ ಪ್ರಶ್ನೆ. ಇಂಥ ದಿನ ಬದಲಾಯಿತು ಎಂದು ಬೊಟ್ಟು ಮಾಡಿ ತೋರಿಸಲಿಕ್ಕೆ ನಿಮ್ಮಿಂದ ಆಗುವುದಿಲ್ಲ. ಮತ್ತೆ ಆ ಸರಸೋತಿ! ಬಾಲವಿಧವೆ, ಮನೆಯ ಭಾರವೆಲ್ಲ ಹೊತ್ತವಳು. ಅವಳನ್ನು ಯಾರಾದರೂ ಫೋಟೊಕ್ಕೆ ನಿಲ್ಲಿಸುತ್ತಿದ್ದರಾ? ನಿಲ್ಲಿಸಿದರೂ ಹಿಂದಿನ ಸಾಲಿನ ಕೊನೆಯಲ್ಲಿ.

ನನ್ನ ಕೇಳಿದರೆ ಏಟಿನ ಬದಲಾವಣೆಗೆ ಫೋಟೊ, ಸವೆತದ ಬದಲಾವಣೆಗೆ ಕಾದಂಬರಿ.

ಕತ್ತಲೆಕೋಣೆ:
ಸವೆತಕ್ಕೂ ಫೋಟೊ ಇದೆ ತೆಂಕಣಗಾಳಿ. ನಿಕೊಲಸ್ ನಿಕ್ಸನ್ 1975ರಿಂದ ವರ್ಷ ವರ್ಷವೂ ಅದೇ ನಾಲ್ವರು ಅಕ್ಕತಂಗಿಯರನ್ನ ಅದೇ ಸಾಲಲ್ಲಿ ನಿಲ್ಲಿಸಿ ತೆಗೀತಾ ಹೋದ, ದಶಕಗಟ್ಟಲೆ. ಒಂದೊಂದಾಗಿ ನೋಡಿದ್ರೆ ಏನೂ ಇಲ್ಲ. ಸಾಲಾಗಿ ನೋಡಿ, ಕತ್ತು ಹಿಸುಕಿದ ಹಾಗಾಗುತ್ತೆ.

ತೆಂಕಣಗಾಳಿ:
ಅದು ವಯಸ್ಸಾಗುವುದು. ಸಮಾಜ ಬದಲಾಗುವುದಲ್ಲ.

ಹಳೇಪುಸ್ತಕ:
ತಡವಾಗಿ ಬಂದೆ. ಎಲ್ಲರೂ ‘ಮೈಗ್ರಂಟ್ ಮದರ್’ ಬಗ್ಗೆ ಮಾತಾಡ್ತಿದೀರಿ, ಆ ಹೆಂಗಸಿನ ಹೆಸರನ್ನ ಇಲ್ಲೀವರೆಗೆ ಒಬ್ಬರೂ ಬರೆದಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಆಗ 32 ವರ್ಷ. ಲ್ಯಾಂಗ್ ಕೂಡ ಹೆಸರು ಕೇಳಲಿಲ್ಲ. ಅದನ್ನ ಆಕೆಯೇ ಆಮೇಲೆ ಹೇಳ್ಕೊಂಡಿದಾಳೆ. ಲೋಕಕ್ಕೆ ಹೆಸರು ಗೊತ್ತಾಗಿದ್ದು 1978ರಲ್ಲಿ, ಫ್ಲಾರೆನ್ಸ್ ತಾನೇ ಪತ್ರಿಕೆಗೆ ಬರೆದ ಮೇಲೆ. ಆಗ ಕೋಪದಲ್ಲೇ ಅಂದಿದ್ದು: ಈ ಚಿತ್ರದಿಂದ ನನಗೆ ಬಿಡಿಗಾಸೂ ಬಂದಿಲ್ಲ, ತೆಗೀದೇ ಇದ್ದಿದ್ರೆ ಚೆನ್ನಾಗಿತ್ತು ಅಂತ.

ಇನ್ನೂ ಇದೆ. ಎಲ್ಲರೂ ಆಕೆಯನ್ನ 1930ರ ದಶಕದ ಧೂಳುಬಿರುಗಾಳಿಗೆ ಊರು ಬಿಟ್ಟವಳು ಅಂದ್ಕೋತಾರೆ. ಅಲ್ಲ. ಒಕ್ಲಹೋಮದವಳು ಹೌದು, ಆದ್ರೆ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದು 1920ರ ದಶಕದಲ್ಲೇ, ಬಿರುಗಾಳಿ ಏಳೋಕೆ ಎಷ್ಟೋ ಮೊದಲು. ಹುಟ್ಟಿನಿಂದ ಚೆರೋಕಿ, ಅಲ್ಲಿಯ ಮೂಲನಿವಾಸಿ. ಚಿತ್ರ ನೋಡಿದ ಅಮೆರಿಕ ಆಕೆಯನ್ನ ಬಡ ಬಿಳಿ ತಾಯಿ ಅಂತಲೇ ಓದಿಕೊಂಡು ಕಣ್ಣೀರು ಹಾಕ್ತು. ಊಟಕ್ಕಾಗಿ ಕಾರಿನ ಟೈರ್ ಮಾರಿದಾರೆ ಅಂತ ಲ್ಯಾಂಗ್ ಬರೆದಳು. ನಾವು ಟೈರ್ ಮಾರಲೇ ಇಲ್ಲ, ಅದೇ ಟೈರ್ ಮೇಲೆ ಅಲ್ಲಿಂದ ಹೊರಟೆವು ಅಂದ್ರು ಮನೆಯವರು.

ತರ್ಲೆ:
ಅಂದ್ರೆ ಫೋಟೊ ಸುಳ್ಳು ಹೇಳ್ತು. ಕೇಸ್ ಕ್ಲೋಸ್.

ಕತ್ತಲೆಕೋಣೆ:
ಫೋಟೊ ಏನು ಸುಳ್ಳು ಹೇಳ್ತು? ಹಸಿದಿದ್ದರು, ಬಟಾಣಿ ಬೆಳೆ ಹಾಳಾಗಿತ್ತು, ಕೆಲಸ ಇರಲಿಲ್ಲ. ಟೈರ್ ಕಥೆ ಬರಹದ್ದು, ಅಂದ್ರೆ ಸಂಜೆಓದು ಅವರ ಪ್ರೀತಿಯ ಅಕ್ಷರದ್ದು. ಈಗ ನಗಬೇಕಾದ್ದು ನಾನು.

ಹಾಗಂತ ಚಿತ್ರವೂ ಹಾಲಿನಷ್ಟು ಶುದ್ಧ ಅನ್ನಲ್ಲ. ಆವತ್ತು ಲ್ಯಾಂಗ್ ಒಂದಾದ ಮೇಲೊಂದು ತೆಗೆದ ಚಿತ್ರಗಳಲ್ಲಿ ದೂರದಿಂದ ತೆಗೆದವೂ ಇವೆ. ಇಡೀ ಡೇರೆ ಕಾಣುತ್ತೆ, ಸಾಮಾನು ಕಾಣುತ್ತೆ, ಹದಿಹರೆಯದ ಮಗಳೊಬ್ಬಳು ತೂಗುಕುರ್ಚೀಲಿ ಕೂತಿದಾಳೆ. ಹತ್ತಿರ ಹೋಗ್ತಾ ಹೋಗ್ತಾ ಕುರ್ಚಿ ಹೋಯ್ತು, ದೊಡ್ಡ ಮಗಳು ಹೋದಳು, ಬಿಡಾರವೇ ಹೋಯ್ತು. ಉಳಿದಿದ್ದು ಮಡೋನಾ, ಅಂದ್ರೆ ಕೂಸು ಹಿಡಿದ ಮೇರಿಯಮ್ಮ. ಬಲಗಡೆ ಕೆಳಮೂಲೇಲಿ ಡೇರೆಯ ಕಂಬ ಹಿಡಿದ ಒಂದು ಹೆಬ್ಬೆರಳೂ ಬಿದ್ದಿತ್ತು, ಅದನ್ನ ಆಮೇಲೆ ನೆಗೆಟಿವ್‌ನಲ್ಲೇ ತಿದ್ದಿ ಮರೆಸಿದರು. ದಿಟ್ಟಿಸಿ ನೋಡಿದ್ರೆ ಈಗಲೂ ಮಸುಕಾಗಿ ಕಾಣುತ್ತೆ.

ಮಾತಿನಮಲ್ಲಿ:
ಆ ಹೆಬ್ಬೆರಳು ಹುಡುಕೋಕೆ ಹೋಗಿ ನನ್ನ ಮಧ್ಯಾಹ್ನ ಪೂರ್ತಿ ಹಾಳಾಯ್ತು. ಸಿಕ್ತು!

ಹಳೇಪುಸ್ತಕ:
ನ್ಯಾಯವಾಗಿ ಕಾದಂಬರಿಯನ್ನೂ ಜರಡಿ ಹಿಡೀಬೇಕು. ‘ಗ್ರೇಪ್ಸ್’ನ ಜೋಡ್ ಕುಟುಂಬ ಹೊರಡೋದು ಸ್ಯಾಲಿಸಾ ಹತ್ರದಿಂದ. ಅದು ಒಕ್ಲಹೋಮದ ಪೂರ್ವದ ಅಂಚು. ಧೂಳುಬಿರುಗಾಳಿಯ ಆರ್ಭಟ ಇದ್ದದ್ದು ಪಶ್ಚಿಮದ ತುದೀಲಿ. ಇನ್ನು ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಮೊದಲಿಂದ ದುಡೀತಿದ್ದ ಮೆಕ್ಸಿಕನ್ನರು, ಫಿಲಿಪಿನೋಗಳು ‘ಗ್ರೇಪ್ಸ್’ನಲ್ಲಿ ಬರೋದು ಹೆಸರಿಗೆ ಮಾತ್ರ. ಇಲ್ಲೂ ಕಣ್ಣೀರಿಗೆ ಅರ್ಹರು ಯಾರು ಅಂತ ಆರಿಸಿದ್ದು ಆಗಿದೆ. ಬಿರುಬಿಸಿಲು ಅವರ ಬೂಟಿನ ಮಾತು ಇಬ್ಬರಿಗೂ ತಗಲುತ್ತೆ.

ಸಂಜೆಓದು:
ಭೂಗೋಳ ತಪ್ಪಿದ್ರೆ ಕಾದಂಬರಿ ಸಾಯಲ್ಲ ಸರ್. ಮೆಕ್ಸಿಕನ್ನರ ಮಾತು ಬೇರೆ, ಅದು ತೂಕದ ಆಕ್ಷೇಪಣೆ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಮಾತಿನಮಲ್ಲಿ:
‘ಗ್ರೇಪ್ಸ್’ನಲ್ಲೇ ಫೋಟೊ ಬರುತ್ತೆ, ಯಾರಿಗಾದ್ರೂ ನೆನಪಿದ್ಯಾ? ಹೊರಡೋ ಹೊತ್ತಿಗೆ ಲಾರಿಗೆ ಸಾಮಾನು ಏರಿಸಿ ಆಗಿರುತ್ತೆ. ಮನೆಯ ತಾಯಿ, ಮಾ ಜೋಡ್, ಒಬ್ಬಳೇ ಒಳಗೆ ಹೋಗಿ ಒಂದು ಹಳೇ ಕಾಗದದ ಡಬ್ಬಿ ತೆಗೀತಾಳೆ. ಮೂಲೆ ಎಲ್ಲ ಬಿರುಕು ಬಿಟ್ಟಿರುತ್ತೆ. ಒಳಗೆ ಪತ್ರ, ಪತ್ರಿಕೆಯ ತುಣುಕು, ಫೋಟೊ, ಒಂದು ಜೊತೆ ಓಲೆ, ಚಿನ್ನದ ಉಂಗುರ, ಕೂದಲಲ್ಲಿ ಹೆಣೆದ ಗಡಿಯಾರದ ಸರ. ಮಗನ ಮೊಕದ್ದಮೆಯ ಸುದ್ದಿ ತುಣುಕನ್ನ ಸವರ್ತಾಳೆ, ಡಬ್ಬಿಯನ್ನ ತುಂಬ ಹೊತ್ತು ಕೈಯಲ್ಲಿ ಹಿಡ್ಕೊಂಡಿರ್ತಾಳೆ. ಆಮೇಲೆ ಒಡವೆಗಳನ್ನ ಎತ್ತಿಟ್ಟು, ಡಬ್ಬಿ ಮುಚ್ಚಿ, ಒಲೆಯ ಮುಚ್ಚಳ ಸರಿಸಿ ಕೆಂಡದ ಮೇಲೆ ಮೆಲ್ಲಗೆ ಇಡ್ತಾಳೆ. ಫೋಟೊಗಳೂ ಪತ್ರಗಳೂ ಒಟ್ಟಿಗೇ ಸುಟ್ಟು ಹೋಗ್ತವೆ.

ಚಿನ್ನ ಮಾರಿದ್ರೆ ದುಡ್ಡು ಹುಟ್ಟುತ್ತೆ, ಫೋಟೊಗೆ ಹುಟ್ಟಲ್ಲ. ಆ ಲೆಕ್ಕಾಚಾರ ಅವಳು ಮನಸ್ಸಲ್ಲೂ ಬಾಯ್ಬಿಟ್ಟು ಹೇಳ್ಕೊಳ್ಳಲ್ಲ, ಲೇಖಕನೂ ವಿವರಿಸಲ್ಲ. ಬಡವರ ಮನೆಯ ಹಳೇ ಫೋಟೊಗಳು ಯಾಕೆ ಉಳಿಯಲ್ಲ ಅನ್ನೋದಕ್ಕೆ ಇದಕ್ಕಿಂತ ನೇರ ಉತ್ತರ ನಾನೆಲ್ಲೂ ಓದಿಲ್ಲ. ಅವರ ಚಿತ್ರ ಉಳಿದಿದ್ರೆ ಅದು ಹೊರಗಿಂದ ಬಂದವರು, ಅದೂ ಬಹುಪಾಲು ಸರ್ಕಾರ ಕಳಿಸಿದವರು ತೆಗೆದಿದ್ದು. ಲ್ಯಾಂಗ್‌ ತರ.

ಮೂರನೇಬೆಂಚು:
ಮಲ್ಲಿ ಅಕ್ಕಾ, ಆ ಭಾಗ ಓದಿದ್ದೆ, ಹೀಗೆ ಯೋಚ್ನೆ ಮಾಡಿರಲಿಲ್ಲ.

ಕತ್ತಲೆಕೋಣೆ:
ಇದು ಚೆನ್ನಾಗಿದೆ. ಆದ್ರೆ ಇದರಿಂದಲೇ ನನ್ನ ಮುಖ್ಯ ಮಾತಿಗೆ ಬರ್ತೀನಿ. ಮಾ ಜೋಡ್‌ಗೆ ಆ ಡಬ್ಬಿ ಸುಡೋಕೆ ಇಷ್ಟ ಇತ್ತೋ ಇಲ್ಲವೋ, ಸ್ಟೈನ್‌ಬೆಕ್‌ನನ್ನ ಯಾರೂ ಕೇಳೋ ಹಾಗಿಲ್ಲ. ನಲವತ್ತು ವರ್ಷ ಆದ ಮೇಲೆ ಅವಳು ಪತ್ರಿಕೆಗೆ ಕಾಗದ ಬರೆದು ‘ನಾನು ಹಾಗಿರಲಿಲ್ಲ’ ಅನ್ನೋಕಾಗಲ್ಲ. ಫ್ಲಾರೆನ್ಸ್ ಅಂದಳು. ಅಂದಿದ್ದಕ್ಕೇ ಇವತ್ತು ಆ ಚಿತ್ರವನ್ನ ಬೇರೆ ಥರ ನೋಡ್ತಿದೀವಿ. ಚೆರೋಕಿ ವಿಷಯ ಸೇರ್ತು, ಟೈರ್ ವಿಷಯ ಸೇರ್ತು, ಸಿಟ್ಟೂ ಸೇರ್ತು. ಅಂದ್ರೆ ಚಿತ್ರ 1936ಕ್ಕೆ ಮುಗೀಲಿಲ್ಲ. ಕ್ಷಣ ಹಿಡಿಯೋದಷ್ಟೇ ಫೋಟೊದ ಕೆಲಸ ಅಂತ ಶುರು ಮಾಡಿದ್ರಲ್ಲ ಸಂಜೆಓದು, ಚಿತ್ರದಲ್ಲಿರೋ ವ್ಯಕ್ತಿ ಬದುಕಿರೋವರೆಗೆ ಆ ಕ್ಷಣದ ಮೇಲೆ ಜಗಳ ಆಡಬಹುದು. ಪಾತ್ರಕ್ಕೆ ಆ ಹಕ್ಕಿಲ್ಲ.

ಸಂಜೆಓದು:
ಇದನ್ನ ತಳ್ಳಿಹಾಕೋಕೆ ಆಗಲ್ಲ. ಆದ್ರೆ ಇದು ಫೋಟೊದ ಗುಣವಾ ದೋಷವಾ? ಫ್ಲಾರೆನ್ಸ್ ಜಗಳ ಆಡಬೇಕಾಗಿ ಬಂದಿದ್ದೇ ಕೇಳದೆ ಮುಖ ಬಳಸಿಕೊಂಡಿದ್ದಕ್ಕೆ. ಮಾ ಜೋಡ್‌ಳನ್ನ ಸೃಷ್ಟಿಸಿದ್ದರಿಂದ ಯಾವ ಹೆಂಗಸಿಗೂ ಅವಮಾನ ಆಗಲಿಲ್ಲ.

ಹಳೇಪುಸ್ತಕ:
ಆಗಲಿಲ್ಲ ಅಂತ ಅಷ್ಟು ಸಲೀಸಾಗಿ ಹೇಳ್ಬೇಡಿ. ಕಾದಂಬರಿಗೂ ಬದುಕಿದ್ದ ಜನರ ಋಣ ಇದೆ. ವಲಸಿಗರ ಸರ್ಕಾರಿ ಶಿಬಿರ ನೋಡಿಕೊಳ್ತಿದ್ದ ಟಾಮ್ ಕಾಲಿನ್ಸ್ ಬರೆದಿಟ್ಟ ವರದಿಗಳು ಸ್ಟೈನ್‌ಬೆಕ್‌ಗೆ ದೊಡ್ಡ ಆಸರೆ. ಪುಸ್ತಕದ ಅರ್ಪಣೆಯಲ್ಲೇ ಆತನ ಹೆಸರಿದೆ. ಅದೇ ಶಿಬಿರಗಳಲ್ಲಿ ಸನೋರಾ ಬ್ಯಾಬ್ ಅನ್ನೋ ಲೇಖಕಿ ಕೆಲಸ ಮಾಡ್ತಿದ್ದಳು, ತನ್ನದೇ ಟಿಪ್ಪಣಿ ಬರೀತಿದ್ದಳು. ಅವೂ ಕಾಲಿನ್ಸ್ ಮೂಲಕ ಸ್ಟೈನ್‌ಬೆಕ್ ಕೈ ಸೇರಿದವು ಅಂತಾರೆ. ಎಷ್ಟು ಬಳಸಿಕೊಂಡ ಅನ್ನೋದರ ಬಗ್ಗೆ ವಿದ್ವಾಂಸರು ಇನ್ನೂ ಕಿತ್ತಾಡ್ತಿದಾರೆ. ಈಗ ವಿಷಯಕ್ಕೆ ಬನ್ನಿ: ಬ್ಯಾಬ್ ಇದೇ ವಸ್ತು ಇಟ್ಕೊಂಡು ಕಾದಂಬರಿ ಬರೆದಳು. ಪ್ರಕಾಶಕರು ಮೊದಲು ಒಪ್ಪಿದ್ರು. 1939ರಲ್ಲಿ ‘ಗ್ರೇಪ್ಸ್’ ಬಂದು ಗೆದ್ದಿದ್ದೇ ತಡ, ಒಂದೇ ವಿಷಯಕ್ಕೆ ಎರಡನೇ ಪುಸ್ತಕ ಓಡಲ್ಲ ಅಂತ ಕೈಬಿಟ್ಟರು. ‘ಹೂಸ್ ನೇಮ್ಸ್ ಆರ್ ಅನ್‌ನೋನ್’ ಅಚ್ಚಾಗಿದ್ದು 2004ರಲ್ಲಿ.

ಒಕ್ಲಹೋಮದಲ್ಲೇ ಹುಟ್ಟಿದ ಹೆಂಗಸು ಒಳಗಿಂದ ಬರೆದ ಪುಸ್ತಕ ಅರವತ್ತೈದು ವರ್ಷ ಹಸ್ತಪ್ರತಿಯಾಗಿ ಬಿದ್ದಿತ್ತು. ಫೋಟೊದ ಅಂಚಿನಾಚೆ ಉಳಿದವರ ಲೆಕ್ಕ ಮಾಡ್ತೀರಲ್ಲ, ಕಾದಂಬರಿಯ ಅಂಚಿನಾಚೆ ಉಳಿದವರದ್ದೂ ಮಾಡಿ.

ತರ್ಲೆ:
ಇದನ್ನ ಮೊದಲೇ ಹೇಳಿದ್ರೆ ಅರ್ಧ ಜಗಳ ಉಳೀತಿತ್ತು.

ಬಿರುಬಿಸಿಲು:
ಜಗಳ ಉಳಿಸಿ ಏನ್ ಮಾಡ್ತೀರಿ, ಬ್ಯಾಂಕಿನ್ಯಾಗ ಇಡ್ತೀರೇನ್?

ತೆಂಕಣಗಾಳಿ:
ಒಂದು ವಿಷಯ ಬಿಟ್ಟುಹೋಯಿತು, ವೇಗ. ಲ್ಯಾಂಗ್ ತೆಗೆದ ಚಿತ್ರಗಳು ಅದೇ ಮಾರ್ಚ್‌ನಲ್ಲಿ ‘ಸ್ಯಾನ್ ಫ್ರಾನ್ಸಿಸ್ಕೊ ನ್ಯೂಸ್’ನಲ್ಲಿ ಬಂದವು, ಸರಕಾರ ಆ ಬಿಡಾರಕ್ಕೆ ಆಹಾರ ಕಳಿಸಿತು. ಕೆಲವೇ ದಿನದ ಒಳಗೆ. ಯಾವ ಕಾದಂಬರಿಯಿಂದ ಆಗುತ್ತದೆ ಅದು?

ಹಳೇಪುಸ್ತಕ:
ಆಹಾರ ಬಂತು, ಫ್ಲಾರೆನ್ಸ್ ಮನೆಯವರು ಅಷ್ಟರಲ್ಲಿ ಮುಂದಕ್ಕೆ ಹೋಗಿಬಿಟ್ಟಿದ್ರು. ಅದೇ ಪತ್ರಿಕೇಲಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ಟೈನ್‌ಬೆಕ್ ವಲಸೆ ಕೂಲಿಗಳ ಬಗ್ಗೆ ಏಳು ಲೇಖನ ಬರೆದ, ಜೊತೆಗೆ ಲ್ಯಾಂಗ್ ಚಿತ್ರಗಳು. ನೀವೆಲ್ಲ ಎದುರಾಳಿ ಮಾಡಿ ನಿಲ್ಲಿಸಿರೋ ಇಬ್ಬರೂ ಒಂದೇ ಪುಟದಲ್ಲಿದ್ದರು.

ಸಂಜೆಓದು:
ವೇಗದ ವಿಷಯದಲ್ಲಿ ಫೋಟೊಗೇ ಅಂಕ. ಆದ್ರೆ ಏಟು ಯಾವುದು ಬಲವಾಗಿ ಬಿತ್ತು ನೋಡಿ. ಫೋಟೊ ನೋಡಿ ಜನ ಮರುಗಿದರು. ಕಾದಂಬರಿ ಓದಿ ಜಮೀನುದಾರರು ಉರಿದುಬಿದ್ದರು. 1939ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿ ತನ್ನ ಶಾಲೆ, ಗ್ರಂಥಾಲಯಗಳಲ್ಲಿ ಪುಸ್ತಕವನ್ನ ನಿಷೇಧಿಸ್ತು. ಕಾರಣ ಯಾರು ಅಂತ ಬೆರಳು ತೋರಿಸಿದ್ದಕ್ಕೆ ತಾನೆ? ಹಸಿದ ತಾಯಿಯ ಚಿತ್ರ ನಿಷೇಧಿಸೋ ಗೋಜಿಗೆ ಯಾರು ಹೋಗ್ತಾರೆ?

ಕತ್ತಲೆಕೋಣೆ:
ಚಿತ್ರಕ್ಕೂ ಕಲ್ಲು ಬಿದ್ದಿದೆ ಸ್ವಾಮಿ. ಲ್ಯಾಂಗ್ ಇದ್ದ ಸರ್ಕಾರಿ ಫೋಟೊ ತಂಡದವನೇ ಆದ ಆರ್ಥರ್ ರಾತ್‌ಸ್ಟೀನ್ 1936ರಲ್ಲಿ ದಕ್ಷಿಣ ಡಕೋಟದಲ್ಲಿ ಒಂದು ದನದ ತಲೆಬುರುಡೆ ಚಿತ್ರ ತೆಗೆದ, ಬಿರುಕು ಬಿಟ್ಟ ನೆಲದ ಮೇಲೆ. ಬುರುಡೆಯನ್ನ ಕೆಲವು ಅಡಿ ಸರಿಸಿ ಬೇರೆ ಕಡೆ ಇಟ್ಟೂ ತೆಗೆದಿದಾನೆ ಅಂತ ಗೊತ್ತಾಗಿದ್ದೇ, ಚುನಾವಣೆಯ ವರ್ಷ ಬೇರೆ, ವಿರೋಧಿ ಪತ್ರಿಕೆಗಳು ಬರಗಾಲದ ಚಿತ್ರವೇ ಖೋಟಾ ಅಂತ ಬೊಬ್ಬೆ ಹೊಡೆದವು. ಹತ್ತಡಿ ಸರಿಸಿದ್ದಕ್ಕೆ ಅಷ್ಟು ರಂಪ. ಕಾದಂಬರಿಕಾರ ಇಡೀ ಊರನ್ನೇ ಸರಿಸಿದ್ರೂ ಪ್ರತಿಭೆ ಅಂತಾರೆ.

ಮೂರನೇಬೆಂಚು:
ಈಗಿನ ಕಾಲದಲ್ಲಿ ಬುರುಡೆ ಇರೋದೂ ಬೇಡ, ನೆಲ ಇರೋದೂ ಬೇಡ. ಮೊಬೈಲಿಗೆ ಹೇಳಿದ್ರೆ ಎರಡೂ ಬಂದು ಬೀಳುತ್ತೆ. ಹತ್ತಡಿಗೆ ಜಗಳ ಆಡ್ತಿದ್ದ ಕಾಲವೇ ವಾಸಿ.

ಮಾತಿನಮಲ್ಲಿ:
ಅಯ್ಯೋ ಎಐ ತರಬೇಡಿ ದಯವಿಟ್ಟು, ಅದು ಬಂದ್ರೆ ಇನ್ನೂರು ಉತ್ತರ ಆಗುತ್ತೆ. ಕತ್ತಲೆಕೋಣೆ ಅವರೇ, ಸರ್ಕಾರಿ ತಂಡ ಅಂದ್ರಲ್ಲ, ಯಾವ ಚಿತ್ರ ಹೊರಗೆ ಬರಬೇಕು ಅಂತ ಯಾರು ತೀರ್ಮಾನ ಮಾಡ್ತಿದ್ರು?

ಕತ್ತಲೆಕೋಣೆ:
ರಾಯ್ ಸ್ಟ್ರೈಕರ್, ಆ ವಿಭಾಗದ ಮುಖ್ಯಸ್ಥ. ಏನೇನು ತೆಗೀಬೇಕು ಅಂತ ಪಟ್ಟಿ ಬರೆದು ಕಳಿಸ್ತಿದ್ದ. ಬೇಡ ಅನ್ನಿಸಿದ ನೆಗೆಟಿವ್‌ಗೆ, ಮೊದಮೊದಲ ವರ್ಷಗಳಲ್ಲಿ, ತೂತು ಕೊರೆಯೋ ಯಂತ್ರದಲ್ಲಿ ತೂತು ಹೊಡೀತಿದ್ದ. ಮತ್ಯಾರೂ ಅಚ್ಚು ಹಾಕದ ಹಾಗೆ.

ಸಂಜೆಓದು:
ತೂತು ಹೊಡೀತಿದ್ನಾ? ನಿಜವಾಗ್ಲೂ? ಕಾದಂಬರಿಯ ಹೊಡೆದು ಹಾಕಿದ ಪುಟ ಕಸದ ಬುಟ್ಟಿಗೆ ಹೋಗುತ್ತೆ, ಯಾರಿಗೂ ಸಿಗಲ್ಲ.

ಕತ್ತಲೆಕೋಣೆ:
ಇಲ್ಲಿ ಸಿಗುತ್ತೆ, ಅದೇ ಮಜಾ. ಸುಮಾರು 1,75,000 ನೆಗೆಟಿವ್‌ಗಳ ಆ ಸಂಗ್ರಹ ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ತೂತು ಬಿದ್ದವನ್ನೂ ಸ್ಕ್ಯಾನ್ ಮಾಡಿ ಹಾಕಿದಾರೆ, ಬಿಟ್ಟಿಯಾಗಿ ನೋಡಬಹುದು. ಕೆಲವದರಲ್ಲಿ ಕರಿ ಚುಕ್ಕೆ ನೇರ ಮುಖದ ಮೇಲೇ ಬಿದ್ದಿದೆ.

ತರ್ಲೆ:
ಕೊಂಡಿ ಹಾಕಿ. ಬೈಯೋದು ನೋಡಿದ ಮೇಲೆ ಮುಂದುವರಿಸ್ತೀನಿ.